ಕ್ಲಾರಿನೆಟ್‌ನಲ್ಲಿ ಕೆರಿಬಿಯನ್ ಲಯ

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಕ್ಲಾರಿನೆಟ್ ಕಲಿತಿದ್ದೇನೆ. ಕೆರಿಬಿಯನ್ ಸಂಗೀತ ನುಡಿಸುವ ಆಸೆ. ಸ್ವರ ಸರಿಯಿದ್ದರೂ ಲಯ ಕೂರುತ್ತಿಲ್ಲ. ಮಳೆಗಾಲದಲ್ಲಿ ರಂಧ್ರ ಮುಚ್ಚುವ ಪ್ಯಾಡ್ ಬೇರೆ ಅಂಟಿಕೊಳ್ಳುತ್ತದೆ.
– ಓದುಗರು, ಬೆಂದೂರು, ಮಂಗಳೂರು

ಉತ್ತರ: ಮಾರ್ಟಿನಿಕ್ ದ್ವೀಪದ ಬಿಗಿನ್ ಎಂಬ ಕುಣಿತದ ಸಂಗೀತದಿಂದ ಶುರು ಮಾಡಿ, ಅಲ್ಲಿ ಕ್ಲಾರಿನೆಟ್‌ಗೇ ಮುಂದಾಳತ್ವ. 1929ರಲ್ಲಿ ಪ್ಯಾರಿಸ್‌ಗೆ ಹೋದ ಅಲ್ಲಿನ ಕ್ಲಾರಿನೆಟ್ ವಾದಕ ಅಲೆಕ್ಸಾಂಡ್ರ್ ಸ್ಟೆಲಿಯೊ ಅವರ ಧ್ವನಿಮುದ್ರಣ ಕೇಳದೆ ಸ್ವರಲಿಪಿ ಮುಟ್ಟಬೇಡಿ. ಬಿಗಿನ್‌ನ ಬೆನ್ನೆಲುಬು ಸಿಂಕಿಯೊ ಎಂಬ ಲಯ: ಎಂಟು ಅಕ್ಷರಗಳಲ್ಲಿ ಐದು ಪೆಟ್ಟು, 2-1-2-1-2. ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಟಿಕ್‌ಗಿಟ್ಟು, ಟಿಕ್‌ಗೆ ನಾಲ್ಕು ಅಕ್ಷರದಂತೆ ‘ತಕಧಿಮಿ ತಕಜೊಣು’ ಹೇಳುತ್ತಾ ಮೊದಲ ತ, ಧಿ, ಮಿ, ಎರಡನೇ ಕ, ಜೊಗಳಿಗೆ ಮಾತ್ರ ಚಪ್ಪಾಳೆ ಹಾಕಿ. ಎರಡನೇ ‘ತ’ಕ್ಕೆ, ಅಂದರೆ ಎರಡನೇ ಟಿಕ್‌ಗೆ, ಪೆಟ್ಟಿಲ್ಲ. ಶಾಸ್ತ್ರೀಯ ಅಭ್ಯಾಸದವರು ಎಡವುವುದು ಇಲ್ಲೇ: ಟಿಕ್ ಕೇಳಿದೊಡನೆ ನಾಲಿಗೆ ತಾನಾಗಿ ಹೊಡೆಯುತ್ತದೆ, ಕುಣಿತ ಸತ್ತುಹೋಗುತ್ತದೆ. ಅದು ಕೂತ ಮೇಲೆ ಒಂದೇ ಸ್ವರದಲ್ಲಿ ನುಡಿಸಿ, ರಾಗ ಆಮೇಲೆ.

ಪ್ಯಾಡ್ ಸಾಮಾನ್ಯವಾಗಿ ಅಂಟುವುದು ಎ, ಜಿ ಶಾರ್ಪ್ ಕೀಗಳಲ್ಲಿ. ಪ್ಯಾಡಿನಡಿ ಅಂಟಿಲ್ಲದ ಸಿಗರೇಟು ಕಾಗದವಿಟ್ಟು ಮೆಲ್ಲಗೆ ಒತ್ತಿ, ಕೀ ಎತ್ತಿಯೇ ಕಾಗದ ತೆಗೆಯಿರಿ. ಒತ್ತಿಕೊಂಡೇ ಎಳೆದರೆ ಪ್ಯಾಡಿನ ಪೊರೆ ಹರಿಯಬಹುದು. ಪೌಡರ್ ಬೇಡವೇ ಬೇಡ, ನಮ್ಮ ಕರಾವಳಿಯ ತೇವಕ್ಕೆ ಅದು ಮುದ್ದೆಯಾಗುತ್ತದೆ.