ಡಿಸ್‌ಪ್ಲೇ ಸರಿಯಾಗಿ 840 ಡಿಗ್ರಿ ತೋರಿಸುತ್ತಿದ್ದರೂ ಇಎನ್ 31 ಪಂಚ್‌ಗಳು ಯಾಕೆ ಬಿರುಕು ಬಿಡುತ್ತವೆ?

ನೀವೇ ಕಟ್ಟಿದ ಎಲೆಕ್ಟ್ರಿಕ್ ಫರ್ನೇಸ್‌ನಲ್ಲಿ ಇಎನ್ 31 (ಹೈ ಕಾರ್ಬನ್ ಸ್ಟೀಲ್) ಪಂಚ್‌ಗಳನ್ನು, ಅಂದರೆ ತೂತು ಹೊಡೆಯುವ ಟೂಲ್‌ಗಳನ್ನು, ಗಟ್ಟಿ ಮಾಡಲು 840ಕ್ಕೆ ಕಾಯಿಸಿ ಎಣ್ಣೆಗೆ ಅದ್ದಿದರೆ ನಾಲ್ಕರಲ್ಲಿ ಎರಡು ಪಂಚ್ ಸೀಳುತ್ತಿವೆ, ಸ್ಟೀಲೇ ಕಳಪೆಯಾ ಅಂತ ಕೇಳಿದ್ದೀರಿ. ಸ್ಟೀಲನ್ನು ಬೈಯೋ ಮೊದಲು ಡಿಸ್‌ಪ್ಲೇ ಮೇಲೆ ಅನುಮಾನ ಪಡಿ.

ಸೀಳಿದ ಒಂದು ಪೀಸನ್ನು ಪೂರ್ತಿ ಮುರಿದು ನೋಡಿ. ಒಳಗೆ ಬೂದು ಬಣ್ಣ, ನುಣ್ಣಗೆ ಇರಬೇಕು. ಸಕ್ಕರೆ ಹರಳಿನ ತರ ಮಿನುಗುತ್ತಿದ್ದರೆ ಜಾಸ್ತಿ ಕಾದು ಗ್ರೇನ್ (ಸ್ಟೀಲಿನೊಳಗಿನ ಹರಳು) ದಪ್ಪ ಆಗಿದೆ ಅಂತ ಅರ್ಥ. ನನ್ನದು ಹಾಗೇ ಇತ್ತು, ತಪ್ಪು ಸಿಕ್ಕಿದ್ದು ಮಾತ್ರ ವೈರಿನಲ್ಲಿ. ಶಾಖ ಅಳೆಯುವ ಥರ್ಮೋಕಪಲ್‌ನಿಂದ ಕಂಟ್ರೋಲರ್‌ಗೆ ಬರುವ ನನ್ನ ಕೆ ಟೈಪ್ ಕೇಬಲ್‌ನಲ್ಲಿ ಹಳದಿ ಮತ್ತು ಕೆಂಪು ವೈರ್ ಇದ್ದವು, ಕೆಂಪು ಅಂದರೆ ಪ್ಲಸ್ ತಾನೇ ಅಂತ ಎರಡೂ ತುದಿಯಲ್ಲಿ ಹಾಗೇ ಕೊಟ್ಟುಬಿಟ್ಟಿದ್ದೆ. ಅಮೆರಿಕದ ಬಣ್ಣದ ಲೆಕ್ಕದಲ್ಲಿ ಕೆಂಪೇ ಮೈನಸ್! ಎರಡೂ ಕಡೆ ಉಲ್ಟಾ ಆದಾಗ ರೀಡಿಂಗ್ ಮಾಮೂಲಿನಂತೆ ಏರುತ್ತದೆ, ಹಾಗಾಗಿ ಗೊತ್ತೇ ಆಗಲ್ಲ. ಆದರೆ ಥರ್ಮೋಕಪಲ್ ತಲೆ (ಫರ್ನೇಸ್ ಹೊರಗೆ ಕೇಬಲ್ ಸೇರುವ ಜಾಗ) 60 ಡಿಗ್ರಿ, ಕಂಟ್ರೋಲರ್ 30 ಡಿಗ್ರಿ ಇದ್ದರೆ ಆ ವ್ಯತ್ಯಾಸದ ಎರಡರಷ್ಟು, ಅಂದರೆ ಸುಮಾರು 60 ಡಿಗ್ರಿ ಕಮ್ಮಿ ತೋರಿಸುತ್ತದೆ. ನಾನು 840 ಅಂದುಕೊಂಡಿದ್ದು ಹೆಚ್ಚುಕಮ್ಮಿ 900 ಆಗಿತ್ತು.

ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಅದು ಕರಗೋದು 801 ಡಿಗ್ರಿಯಲ್ಲಿ. ಪಿಂಗಾಣಿ ಬಟ್ಟಲಲ್ಲಿ ಒಂದು ಚಿಟಿಕೆ ಒಣ ಉಪ್ಪು ಹಾಕಿ ಪಂಚ್ ಇಡುವ ಜಾಗದಲ್ಲೇ ಇಡಿ. ಡಿಸ್‌ಪ್ಲೇಯಲ್ಲಿ 700ರಿಂದ ಐದೈದು ಡಿಗ್ರಿ ಏರಿಸಿ, ಪ್ರತಿ ಸಲ ಸ್ವಲ್ಪ ಕಾಯಿರಿ. ಎಷ್ಟಕ್ಕೆ ಕರಗಿತೋ ಆ ರೀಡಿಂಗ್ ಬರೆದಿಟ್ಟುಕೊಳ್ಳಿ, 801ಕ್ಕಿಂತ ಅದು ಎಷ್ಟು ಕಮ್ಮಿಯೋ ಡಿಸ್‌ಪ್ಲೇ ಅಷ್ಟು ಕಮ್ಮಿ ತೋರಿಸುತ್ತಿದೆ. ಕಾದ ಸ್ಟೀಲಿಗೆ ಮ್ಯಾಗ್ನೆಟ್ ಅಂಟೋದು ನಿಲ್ಲುವುದು 770ರ ಹತ್ತಿರ, ಅದು ಬರೀ ಅಂದಾಜಿಗೆ.

ವೈರ್ ಸರಿ ಇದ್ದರೆ ಓವರ್‌ಶೂಟ್ ನೋಡಿ. ಒಂದೇ ಸಲ 840 ಕೊಟ್ಟರೆ ಕಾಯಿಲ್ ಕೆಂಡವಾಗಿ ಸೆಟ್ ಪಾಯಿಂಟ್ ದಾಟಿ ಹೋಗುತ್ತದೆ, ಕಾಯಿಲ್ ಪಕ್ಕ ಇರುವ ಪಂಚ್ ಎಲ್ಲಕ್ಕಿಂತ ಮೊದಲು ಹಾಳಾಗುತ್ತದೆ. ನಿಮ್ಮ ನಾಲ್ಕರಲ್ಲಿ ಸೀಳಿದ ಎರಡು ಕಾಯಿಲ್ ಕಡೆಯವೇ ಇರಬಹುದು, ಅಲ್ವಾ? 650ರಲ್ಲಿ ಸ್ವಲ್ಪ ನಿಲ್ಲಿಸಿ ಆಮೇಲೆ ಮೇಲೇರಿಸಿ. ಪೀಸ್ ಮತ್ತು ಹಿಂದಿನ ಗೋಡೆ ಒಂದೇ ಬಣ್ಣವಾಗಿ ಪಂಚ್ ಕಣ್ಣಿಗೆ ಕಾಣದಂತಾದಾಗ ಸೋಕಿಂಗ್ ಸಮಯ (ಅದೇ ಶಾಖದಲ್ಲಿ ಇಡುವ ಹೊತ್ತು) ಎಣಿಸಲು ಶುರು ಮಾಡಿ.

ಎಣ್ಣೆಯಿಂದ ತೆಗೆದ ಮೇಲೆ ನಾಳೆ ನೋಡೋಣ ಅಂತ ಬಿಡಬೇಡಿ, ರಾತ್ರಿ ಇಟ್ಟರೆ ಬೆಳಗ್ಗೆ ಸೀಳಿರಬಹುದು. ಇನ್ನೂ ಬೆಚ್ಚಗಿರುವಾಗಲೇ 180ರಲ್ಲಿ ಎರಡು ಗಂಟೆ ಟೆಂಪರಿಂಗ್ (ಪೆಡಸುತನ ತಗ್ಗಿಸಲು ಮತ್ತೆ ಕಾಯಿಸೋದು) ಮಾಡಿ. ಇದಕ್ಕೆ ಆ ಫರ್ನೇಸ್ ಬೇಡ, ಅಷ್ಟು ಕೆಳಗೆ ಅದು ಹಿಡಿತಕ್ಕೆ ಸಿಗಲ್ಲ. ನಾನು ಅಡುಗೆಮನೆಯ ಓಟಿಜಿ ಓವನ್‌ನಲ್ಲಿ ಮರಳು ತುಂಬಿದ ಟ್ರೇ ಒಳಗೆ ಹೂತಿಡುತ್ತೇನೆ, ಎಣ್ಣೆ ಚೆನ್ನಾಗಿ ಒರೆಸಿದ ಮೇಲೆ. ಒರೆಸದೆ ಇಟ್ಟ ದಿನ ಮನೆಯಲ್ಲಿ ಕೇಳಿಸಿಕೊಂಡಿದ್ದು ಇಲ್ಲಿ ಬರೆಯುವ ಹಾಗಿಲ್ಲ.