ಬೀಪ್ ಬರೋ ಮುಂಚೆ ಇನ್ನೊಂದು ಸಲ ಒತ್ತಿದರೆ ಎರಡು ವೋಟಾ?

ಪ್ರಶ್ನೆ: ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. 2024ರ ಮೇ 7ಕ್ಕೆ ಲೋಕಸಭೆ ವೋಟ್ ಹಾಕುವಾಗ ನಮ್ಮವ್ವ ಬಟನ್ ಒತ್ತಿದ್ದಾರೆ, ಸದ್ದು ಬರಲಿಲ್ಲ ಅಂತ ಮತ್ತೆ ಒತ್ತಿದ್ದಾರೆ. ಎರಡು ವೋಟ್ ಬಿತ್ತಾ, ಇಲ್ಲಾ ಕೆಟ್ಟು ಹೋಯ್ತಾ? ಅವತ್ತು ಕರೆಂಟ್ ಬೇರೆ ಹೋಗಿತ್ತು. ರಾತ್ರಿ ಮಷೀನಿಗೆ ವೋಟ್ ಸೇರಿಸ್ತಾರೆ ಅಂತಲೂ ಊರಲ್ಲಿ ಮಾತಿದೆ.

ಉತ್ತರ: ಅವ್ವನಿಗೆ ಹೇಳಿ, ಬಿದ್ದಿದ್ದು ಒಂದೇ ವೋಟ್. ಅದೂ ಮೊದಲು ಒತ್ತಿದ ಬಟನ್ನಿಂದೇ.

ಮಷೀನು ತಾನಾಗೇ ವೋಟ್ ತಗೊಳ್ಳಲ್ಲ. ಟೇಬಲ್ ಮೇಲೆ ಅಧಿಕಾರಿ ಹತ್ತಿರ ಕಂಟ್ರೋಲ್ ಯೂನಿಟ್ ಇರುತ್ತೆ. ಅವರು ಅದರ ಬ್ಯಾಲೆಟ್ ಬಟನ್ ಒತ್ತಿದಾಗ ಮಾತ್ರ ಮರೆಯಲ್ಲಿರೋ ಮಷೀನಿನ ಹಸಿರು ದೀಪ ಹತ್ತುತ್ತೆ, ಒಂದು ವೋಟಿಗೆ ದಾರಿ ಬಿಡುತ್ತೆ. ನೀವು ಒತ್ತಿದ ಕೂಡಲೇ ಹೆಸರಿನ ಪಕ್ಕ ಕೆಂಪು ದೀಪ ಬರುತ್ತೆ, ಅಲ್ಲಿಗೆ ಲಾಕ್. ಆಮೇಲೆ ಹತ್ತು ಸಲ ಕುಟ್ಟಿದ್ರೂ ಲೆಕ್ಕಕ್ಕಿಲ್ಲ. ಸದ್ದು ತಡ ಆಗೋದಕ್ಕೆ ಕಾರಣ ಪಕ್ಕದ ವಿವಿಪ್ಯಾಟ್. ಅದು ಕ್ರಮಸಂಖ್ಯೆ, ಹೆಸರು, ಗುರುತು ಇರೋ ಚೀಟಿ ಪ್ರಿಂಟ್ ಮಾಡಿ, ಗಾಜಿನ ಹಿಂದೆ 7 ಸೆಕೆಂಡ್ ತೋರಿಸಿ, ಕತ್ತರಿಸಿ ಡಬ್ಬಿಗೆ ಬೀಳಿಸುತ್ತೆ. ಉದ್ದ ಬೀಪ್ ಬರೋದು ಅದಾದ ಮೇಲೆ. ವಯಸ್ಸಾದವರು ಬಟನ್ ಮೇಲೇ ಕಣ್ಣಿಟ್ಟು ನಿಂತಿರ್ತಾರೆ, ಚೀಟಿ ಕಡೆ ನೋಡೋದೇ ಇಲ್ಲ. ಅವರಿಗೆ ಆ 7 ಸೆಕೆಂಡ್ ಬಹಳ ಜಾಸ್ತಿ ಅನ್ನಿಸುತ್ತೆ, ಸಹಜ ಅಲ್ವಾ?

ಕರೆಂಟಿನ ಚಿಂತೆ ಬಿಡಿ. ಮಷೀನ್ ಬ್ಯಾಟರಿ ಮೇಲೆ ನಡೆಯುತ್ತೆ. ಬ್ಯಾಟರಿ ಇಳಿದರೆ ಬದಲಿಸ್ತಾರೆ, ಬಿದ್ದ ವೋಟ್ ಹಾಗೇ ಇರುತ್ತೆ. ಮೇ ತಿಂಗಳ ನಮ್ಮ ಕಡೆ ಬಿಸಿಲಲ್ಲಿ ಕರೆಂಟ್ ಹೋದರೆ ಒದ್ದಾಡೋದು ಫ್ಯಾನಿಲ್ಲದ ಶಾಲೆ ಕೋಣೆಯಲ್ಲಿ ಕೂತ ಸಿಬ್ಬಂದಿ ಅಷ್ಟೇ.

ಇನ್ನು ರಾತ್ರಿ ವೋಟ್ ಸೇರಿಸೋ ಮಾತು. ಇದಕ್ಕೆ ಸುಮ್ನೆ ನಂಬಿ ಅಂತ ಹೇಳಲ್ಲ, ಕಾಗದ ನೋಡಿ ಅಂತೀನಿ. ಬೆಳಗ್ಗೆ ಮತದಾನ ಶುರುವಾಗೋ ಮುಂಚೆ ಬೂತಿನಲ್ಲಿ ಅಭ್ಯರ್ಥಿಗಳ ಪರವಾಗಿ ಕೂರೋ ಏಜೆಂಟರ ಎದುರು ಕನಿಷ್ಠ 50 ವೋಟಿನ ಅಣಕು ಮತದಾನ ಮಾಡಿ, ಎಣಿಸಿ ತೋರಿಸಿ, ಅದನ್ನೆಲ್ಲ ಅಳಿಸಿ, ಆ ಚೀಟಿಗಳನ್ನೂ ಹೊರಗೆ ತೆಗೀತಾರೆ. ಸಂಜೆ ಕ್ಲೋಸ್ ಬಟನ್ ಒತ್ತಿದ ಮೇಲೆ ಮಷೀನ್ ಹೊಸ ವೋಟ್ ತಗೊಳ್ಳಲ್ಲ. ಆಗ ಒಟ್ಟು ಎಷ್ಟು ವೋಟ್ ಬಿತ್ತು ಅಂತ ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡ್ತಾರೆ, ಸೀಲಿನ ಮೇಲೆ ಅವರೂ ಸಹಿ ಹಾಕಬಹುದು. ಎಣಿಕೆ ದಿನ ಮಷೀನ್ ತೋರಿಸೋ ಒಟ್ಟು ಸಂಖ್ಯೆಯನ್ನ ಆ ಪ್ರತಿ ಜೊತೆ ತಾಳೆ ನೋಡಬಹುದು. ಜೊತೆಗೆ ಒಂದೊಂದು ವಿಧಾನಸಭಾ ಕ್ಷೇತ್ರದಲ್ಲೂ ಚೀಟಿ ಎತ್ತಿ ಆರಿಸಿದ 5 ಬೂತುಗಳ ವಿವಿಪ್ಯಾಟ್ ಚೀಟಿ ಎಣಿಸ್ತಾರೆ, ಇದು 2019ರ ಸುಪ್ರೀಂ ಕೋರ್ಟ್ ಆದೇಶ.

ಹಾಗಾಗಿ ನಿಮ್ಮೂರಲ್ಲಿ ಅನುಮಾನ ಇರೋರು ಮೊದಲು ತಮ್ಮ ಪಕ್ಷದ ಏಜೆಂಟನ್ನ ಹಿಡಿದು ಕೇಳಲಿ: 17ಸಿ ಪ್ರತಿ ಎಲ್ಲಿಟ್ಟಿದ್ದೀಯಪ್ಪಾ? ಎಷ್ಟೋ ಜನ ಸಂಜೆ ಅದನ್ನ ತಗೊಳ್ಳದೇ ಮನೆಗೆ ಹೋಗಿರ್ತಾರೆ.