ಇಷ್ಟೊಂದು ಬ್ರೌಸರ್‌ಗಳಿರುವಾಗ ಫೈರ್‌ಫಾಕ್ಸನ್ನೇ ಏಕೆ ಮೆಚ್ಚಬೇಕು?

ನಾನು ಮೊದಲು ಹೆಸರಿಸುವ ಕಾರಣ ಅದರ ಗೆಕೊ ಎಂಜಿನ್, ಅಂದರೆ ಜಾಲತಾಣದ ಸಂಕೇತವನ್ನು ಓದಿ ಪರದೆಯ ಮೇಲೆ ಪುಟವಾಗಿ ಮೂಡಿಸುವ ಭಾಗ. ಕ್ರೋಮ್, ಎಡ್ಜ್, ಒಪೆರಾಗಳು ಹೊರನೋಟಕ್ಕೆ ಬೇರೆಯಾದರೂ ಕಂಪ್ಯೂಟರಿನಲ್ಲಿ ಅವೆಲ್ಲವೂ ಕ್ರೋಮಿಯಂ ಎಂಬ ಒಂದೇ ತಳಹದಿಯ ಮೇಲೆ ನಿಂತಿವೆ; ಹೀಗಾಗಿ ಜಾಲತಾಣ ರಚಿಸುವವರು ಆ ಒಂದು ಎಂಜಿನ್ನಿನ ವರ್ತನೆಯನ್ನೇ ಅಂತರಜಾಲದ ಮಾನದಂಡವೆಂದು ಭಾವಿಸುವ ಅಪಾಯವಿದ್ದು, ಅದನ್ನು ತಡೆಯಬಲ್ಲ ಬೆರಳೆಣಿಕೆಯ ಸ್ವತಂತ್ರ ಎಂಜಿನ್‌ಗಳಲ್ಲಿ ಗೆಕೊ ಒಂದು.

1998ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಬ್ರೌಸರಿನ ಆಕರ ಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ಮುಕ್ತಗೊಳಿಸಿದಾಗ ಮೊಝಿಲ್ಲಾ ಯೋಜನೆ ಹುಟ್ಟಿತು. ಅದರಿಂದಲೇ 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಹೊರಬಂದಿತು. ಸಂಕೇತ ಮುಕ್ತವಾಗಿರುವುದರಿಂದ, ಬ್ರೌಸರ್ ನಮ್ಮ ಮಾಹಿತಿಯನ್ನು ಹೇಗೆ ಬಳಸುತ್ತದೆಂಬುದನ್ನು ಬಲ್ಲವರು ಯಾರು ಬೇಕಾದರೂ ಪರಿಶೀಲಿಸಬಹುದು.

ಗೋಪ್ಯತೆಯ ವಿಷಯದಲ್ಲಿ, ಒಂದು ತಾಣದಲ್ಲಿ ಸೇರಿಕೊಂಡ ಕುಕೀಯನ್ನು (ನಮ್ಮನ್ನು ಗುರುತಿಸಲು ತಾಣಗಳು ಬ್ರೌಸರಿನಲ್ಲಿ ಇಡುವ ಪುಟ್ಟ ಮಾಹಿತಿ ತುಣುಕು) ಬೇರೆ ತಾಣದಲ್ಲಿ ಓದಲಾಗದಂತೆ ಪ್ರತ್ಯೇಕವಾಗಿಡುವ ವ್ಯವಸ್ಥೆ 2022ರಿಂದ ತಾನಾಗಿಯೇ ಜಾರಿಯಲ್ಲಿದೆ. ನನಗೆ ಅದಕ್ಕಿಂತಲೂ ಪ್ರಿಯವಾದದ್ದು ಕಂಟೇನರ್ ಟ್ಯಾಬ್ ಸೌಲಭ್ಯ: ಒಂದೇ ತಾಣದ ಎರಡು ಖಾತೆಗಳನ್ನು ಒಂದೇ ಕಿಟಕಿಯಲ್ಲಿ, ಪರಸ್ಪರ ಸೋಂಕದಂತೆ ತೆರೆದಿಡಬಹುದು. ಕ್ರೋಮಿಯಂ ಒಂದರಲ್ಲೇ ಪರೀಕ್ಷಿಸಲಾದ ಕೆಲವು ತಾಣಗಳು ಫೈರ್‌ಫಾಕ್ಸಿನಲ್ಲಿ ಮುಗ್ಗರಿಸುವುದುಂಟು ಎಂಬುದನ್ನೂ ಒಪ್ಪಿಕೊಳ್ಳಬೇಕು.